ಅಪ್ಪನ ಅಂಗೈ

ನನಗೆ ಹತ್ತು ವರ್ಷ ತುಂಬುವ ತನಕ ಬೆಳಗಿನ ರೊಟ್ಟಿಯನ್ನು ನಾನು ಬಿಸಿಯಾಗಿ ತಿಂದವಳೇ ಅಲ್ಲ. ಅದರಲ್ಲಿ ಅವ್ವನ ತಪ್ಪೇನೂ ಇರಲಿಲ್ಲ. ಬೆಟಗೇರಿಯ ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಒಲೆ ಹೊತ್ತುತ್ತಿದ್ದದ್ದು ನಮ್ಮ ಮನೆಯಲ್ಲೇ. ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೇ ಪಕ್ಕದ ಮನೆಯ ಖಾಜಾಬಿ ಚಾಚಿ ಎದ್ದು ಅಂಗಳ ಗುಡಿಸಲು ಬರುತ್ತಿದ್ದಳು. ಆದರೆ ಬಡಿದ ರೊಟ್ಟಿ ಬುಟ್ಟಿಯಲ್ಲಿ ಅರಿವೆ ಹೊದ್ದು ಕೂತಿರಬೇಕು, ಅದರ ಎದುರು ನಾನೂ ಕೂತಿರಬೇಕು. ಅಪ್ಪ ಪೂಜೆಯಿಂದ ಏಳುವವರೆಗೆ ಮನೆಯಲ್ಲಿ ಯಾರ ಬಾಯಿಗೂ ತುತ್ತು ಹೋಗುವಂತಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮಂದಿ ನಾವು. ಲಿಂಗಪೂಜೆಯಾಗದೆ ಉಣ್ಣಬಾರದೆಂಬುದು ಓಣಿಯ ನಮ್ಮಂಥ ಎಲ್ಲ ಮನೆಗಳಲ್ಲೂ ಇದ್ದ ಪದ್ಧತಿಯೇ. ಉಳಿದವರ ಪೂಜೆ ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಮುಗಿಯುತ್ತಿತ್ತು. ನಮ್ಮಪ್ಪ ಹಾಗಲ್ಲ, ಶಿವಯೋಗಕ್ಕೆ ಕೂರುತ್ತಿದ್ದ. ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು, ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಅದರ ಮೇಲೆ ದೃಷ್ಟಿ ನೆಟ್ಟು ಕೂತನೆಂದರೆ ಬಿಸಿಲು ಅಂಗಳ ದಾಟಿ ಹೊಸ್ತಿಲಿಗೆ ಬಂದರೂ ಏಳುತ್ತಿರಲಿಲ್ಲ. ನಾನು ಬುಟ್ಟಿಯ ಅರಿವೆಯ ತುದಿ ಎತ್ತಿ ರೊಟ್ಟಿಯ ವಾಸನೆ ನೋಡುತ್ತಿದ್ದೆ. ಈಗ ನಾನು ಯೋಗಿಗಳ ಬಗ್ಗೆ ಕಾದಂಬರಿ ಬರೆದು ಹೊಟ್ಟೆ ಹೊರೆಯುವವಳು. ಯೋಗದೊಂದಿಗೆ ನನ್ನ ಮೊದಲ ಸಂಬಂಧ ಹಸಿವಿನದು ಎಂದು ಯಾವ ಮುನ್ನುಡಿಯಲ್ಲೂ ಬರೆದಿಲ್ಲ.

ಮನೆ ದೊಡ್ಡದೇನಲ್ಲ. ಬಾಗಿಲು ದೂಡಿದರೆ ಮೊದಲು ಮಗ್ಗವೇ ಎದುರಾಗುತ್ತಿತ್ತು. ನೆಲದಲ್ಲಿ ಅಗೆದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಅಪ್ಪ ಸೀರೆ ನೇಯುತ್ತಿದ್ದ. ಆ ಕೋಣೆ ಮಗ್ಗದ್ದು. ಮನೆಯವರಾದ ನಾವು ಗೋಡೆ ಸವರಿಕೊಂಡು ಅದರ ಬದಿಯಿಂದ ಒಳಗೆ ಹೋಗಬೇಕು. ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ ಮತ್ತು ಬಚ್ಚಲು. ನಡುಮನೆಯ ಮೂಲೆಯಲ್ಲಿ ದೇವರ ಜಗಲಿ. ಮೇಲೆ ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು, ಬೆಳಗಿನ ಹೊತ್ತು ಅದರಿಂದ ಓರೆಯಾಗಿ ಇಳಿದ ಬಿಸಿಲಕೋಲು ಅಪ್ಪನ ಅಂಗೈ ಮೇಲೆ ಬಂದು ಬೀಳುತ್ತಿತ್ತು. ರಾತ್ರಿ ಅದೇ ನಡುಮನೆಯಲ್ಲಿ ನಾಲ್ಕೂ ಮಂದಿ ಮಲಗುತ್ತಿದ್ದೆವು: ಅಪ್ಪ, ಅವ್ವ, ನಾನು, ಮತ್ತು ಅಪ್ಪನ ತಾಯಿ, ನಾನು ಆಯಿ ಎಂದು ಕರೆಯುತ್ತಿದ್ದವಳು. ಆಯಿಗೆ ದಮ್ಮು. ಅಡ್ಡಾದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ದಿಂಬು ಇಟ್ಟು ಒರಗಿಯೇ ಇರುತ್ತಿದ್ದಳು. ಕೆಮ್ಮು ಶುರುವಾಯಿತೆಂದರೆ ಅಪ್ಪ ಎದ್ದು ಅವಳ ಬೆನ್ನು ತಿಕ್ಕುತ್ತಿದ್ದ, ನೀರು ಕಾಸಿ ಕುಡಿಸುತ್ತಿದ್ದ, ಕೆಮ್ಮು ನಿಂತ ಮೇಲೂ ಮತ್ತೆ ಬಂದೀತೆಂದು ಪಕ್ಕದಲ್ಲೇ ಕೂತಿರುತ್ತಿದ್ದ. ಅವ್ವ ಏಳಹೋದರೆ, ನಸುಕಿನಲ್ಲಿ ಏಳುವವಳು ನೀನು, ಮಲಗು ಎಂದು ತಡೆಯುತ್ತಿದ್ದ. ಬೆಳಕು ಹರಿಯುವಾಗ ಆಯಿಗೆ ಜೊಂಪು ಹತ್ತಿದರೆ ಅಪ್ಪನ ಸ್ನಾನ, ಪೂಜೆ. ಪೂಜೆಯಾದ ಮೇಲೆ ಕತ್ತಲಾಗುವ ತನಕ ಮಗ್ಗ. ಇಷ್ಟು ಹೇಳಿದ ಮೇಲೆ ಅಪ್ಪನ ಶಿವಯೋಗದ ಗುಟ್ಟು ಓದುವವರಿಗೆ ಹೊಳೆದಿರಬಹುದು. ನಮ್ಮ ಓಣಿಗೆ ಹೊಳೆದಿರಲಿಲ್ಲ.

ಓಣಿಯವರ ಪಾಲಿಗೆ ಅಪ್ಪ ಅರ್ಧ ಶರಣನೇ ಆಗಿದ್ದ. ಮಗ್ಗದ ಬದಿಯಿಂದ ಇಣುಕಿ ನೋಡಿದವರಿಗೆ ಬಿಸಿಲಕೋಲಿನ ಕೆಳಗೆ ಅಲುಗಾಡದೆ ಕೂತ ಮನುಷ್ಯ ಕಾಣುತ್ತಿದ್ದ. ಅವರು ಗಲ್ಲ ಗಲ್ಲ ಬಡಿದುಕೊಂಡು ಹಿಂದೆ ಸರಿಯುತ್ತಿದ್ದರು. ಹೆಣ್ಣುಮಕ್ಕಳು ಹಟ ಮಾಡುವ ಕೂಸುಗಳನ್ನು ತಂದು ಅವನಿಂದ ವಿಭೂತಿ ಹಚ್ಚಿಸಿಕೊಂಡು ಹೋಗುತ್ತಿದ್ದರು. ಅಪ್ಪ ಬೇಡವೆನ್ನದೆ ಹಚ್ಚಿ, ದವಾಖಾನೆಗೂ ಒಮ್ಮೆ ತೋರಿಸಿಕೊಂಡು ಬನ್ನಿ ಎಂದು ಸಣ್ಣ ದನಿಯಲ್ಲಿ ಹೇಳುತ್ತಿದ್ದ. ಎಷ್ಟು ದೊಡ್ಡ ಮನಸ್ಸು ನೋಡು, ತನ್ನ ಹೆಚ್ಚುಗಾರಿಕೆ ಹೇಳಿಕೊಳ್ಳುವುದೇ ಇಲ್ಲ ಎಂದು ಅವರು ಅದಕ್ಕೂ ಕೈಮುಗಿಯುತ್ತಿದ್ದರು. ಬಾಗಿಲಲ್ಲಿ ರಾಟಿ ಇಟ್ಟುಕೊಂಡು ನೂಲು ಸುತ್ತುತ್ತ ಕೂತಿರುತ್ತಿದ್ದ ಅವ್ವನನ್ನು ದಾಟಿ ಒಳಗೆ ಹೋಗುವುದು ಮಾತ್ರ ಯಾರಿಗೂ ಸಾಧ್ಯವಿರಲಿಲ್ಲ.

"ಈರಪ್ಪ ಅದಾನೇನವಾ ಶಾಂತವ್ವ?"

"ಯೋಗದಾಗ ಕುಂತಾರ್ರಿ. ಆಮ್ಯಾಲೆ ಬರ್ರಿ."

"ಎಷ್ಟೊತ್ತಿಗೆ ಏಳತಾನ?"

"ಅದನ್ನ ಹೆಂಗ ಹೇಳಾಕ ಬರತೈತ್ರಿ? ಯೋಗಕ್ಕೇನ ಗಡಿಯಾರ ಇರತೈತೇನು?"

ಸೀರೆ ಜಲ್ದಿ ಮುಗಿಸೆಂದು ಗದರಲು ಬಂದ ಸಾಹುಕಾರನ ಆಳು ಕೂಡ ಈ ಮಾತು ಕೇಳಿ ಚಪ್ಪಲಿ ಸಪ್ಪಳವಾಗದಂತೆ ತಿರುಗಿ ಹೋಗುತ್ತಿದ್ದ. ಇಡೀ ದಿನದಲ್ಲಿ ಅಪ್ಪನನ್ನು ಯಾರೂ ಕರೆಯಲಾಗದ ಹೊತ್ತೆಂದರೆ ಅದೊಂದೇ. ಅವನಿಗಿಂತ ಹೆಚ್ಚಾಗಿ ಆಯಿ ಆ ಹೊತ್ತಿನ ಮೇಲೆ ಜೀವ ಇಟ್ಟುಕೊಂಡಿದ್ದಳು. ದಿಂಬಿಗೆ ಒರಗಿ, ಮಗ ಕೂತ ಮೂಲೆಯನ್ನೇ ನೋಡುತ್ತ, ನನ್ನ ಹೊಟ್ಟೆಯಲ್ಲಿ ಎಂಥ ಮುತ್ತು ಹುಟ್ಟಿತು ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು. ಕೊನೆಗೆ ನನಗೂ ಆ ಭಾಗ್ಯ ಸಿಗಲೆಂದು ಹಟ ಹಿಡಿದಳು. ಹೀಗಾಗಿ ನಾನೂ ದಿನಾ ಅಪ್ಪನ ಪಕ್ಕದಲ್ಲಿ, ನನ್ನ ಪುಟ್ಟ ಅಂಗೈಯಲ್ಲಿ ಲಿಂಗ ಹಿಡಿದು, ಹಸಿದ ಹೊಟ್ಟೆಯಲ್ಲಿ ಕೂರತೊಡಗಿದೆ.

ಕೂತ ಕೆಲವೇ ದಿನಗಳಲ್ಲಿ ನನ್ನ ಕಿವಿಗೆ ಸಣ್ಣದೊಂದು ಗುರ್ ಸಪ್ಪಳ ಬಿತ್ತು. ಮೊದಲು ಬೆಕ್ಕು ಎಂದುಕೊಂಡೆ. ತಿರುಗಿ ನೋಡಿದರೆ ಅಪ್ಪನ ರೆಪ್ಪೆಗಳು ಇಳಿದುಬಿಟ್ಟಿದ್ದವು, ಗದ್ದ ಸಡಿಲಾಗಿತ್ತು, ತುಟಿಗಳ ನಡುವಿನಿಂದ ಗಾಳಿ ಪುಸಪುಸ ಹೊರಬರುತ್ತಿತ್ತು. ಆದರೆ ಎಡಗೈ ಮಾತ್ರ ಇಟ್ಟಲ್ಲಿಯೇ ಇತ್ತು. ಅಂಗೈ ಒಂದಿಷ್ಟೂ ಓರೆಯಾಗಿರಲಿಲ್ಲ, ಕಪ್ಪು ಲಿಂಗ ಜಗಲಿಯ ಮೇಲೆ ಇಟ್ಟಂತೆ ಅದರಲ್ಲಿ ಕೂತಿತ್ತು. ಮನುಷ್ಯ ನಿದ್ದೆಯಲ್ಲಿದ್ದಾಗ ಅವನ ಕೈ ಎಚ್ಚರವಿರುವುದು ಹೇಗೆ ಎಂಬ ಪ್ರಶ್ನೆ ಅಂದು ನನಗೆ ಏಳಲಿಲ್ಲ. ನನಗೆ ಕಂಡದ್ದು ನಿದ್ದೆ ಮಾತ್ರ. ಎದ್ದು ಅಡುಗೆಮನೆಗೆ ಓಡಿದೆ.

"ಯವ್ವಾ, ಅಪ್ಪ ನಿದ್ದಿ ಮಾಡಾಕತ್ತಾನ!"

ಅವ್ವ ಹಿಟ್ಟು ಮೆತ್ತಿದ ಕೈಯನ್ನೇ ನನ್ನ ಬಾಯಿಗೆ ಒತ್ತಿದಳು.

"ಸುಮ್ನಿರ ಬೇ. ನನಗ ಗೊತ್ತೈತಿ."

"ಮತ್ತ ಎಲ್ಲಾರಿಗೂ ಯೋಗ ಅಂತ ಹೇಳ್ತಿ?"

"ಏನ ಹೇಳ್ಲಿ? ಮಲಗ್ಯಾರ ಅಂದ್ರ ನಿಮ್ಮ ಆಯಿ ಕೇಳ್ತಾಳ, ಹಗಲೊತ್ತು ಯಾಕ ಮಲಗಿದ ಅಂತ. ರಾತ್ರಿ ನಿನ್ನ ಕೆಮ್ಮಿಗೆ ನಿನ್ನ ಮಗಗ ನಿದ್ದಿ ಇಲ್ಲ ಅಂತ ಆ ಮುದುಕಿಗೆ ಹೇಳಾಕ ಆಗತೈತೇನು? ಆ ಮಾತು ಕಿವಿಗೆ ಬಿತ್ತಂದ್ರ ಆಕಿ ಮರುದಿನ ಈ ಮನ್ಯಾಗ ಇರಂಗಿಲ್ಲ. ನೀ ಬಾಯಿ ಬಿಟ್ಟಿ ಅಂದ್ರ ನೋಡು ಮತ್ತ."

ನಮ್ಮ ಮನೆ ಆ ಒಂದು ಸುಳ್ಳಿನ ಮೇಲೆ ನಿಂತಿತ್ತು. ಅಪ್ಪನಿಗೆ ನಿದ್ದೆ ಬೇಕು, ಆಯಿಗೆ ಯೋಗಿಯಾದ ಮಗ ಬೇಕು, ಎರಡನ್ನೂ ಅವ್ವ ಒಂದೇ ಮಾತಿನಲ್ಲಿ ನಡೆಸಿಕೊಂಡು ಹೋಗುತ್ತಿದ್ದಳು. ಮೂಲೆಯ ಆ ಗುರ್ ಸಪ್ಪಳ ಆಯಿಗೆ ಓಂಕಾರವಾಗಿ ಕೇಳುತ್ತಿತ್ತು, ಕಣ್ಣು ಮಂಜಾದವಳಿಗೆ ಇಳಿದ ರೆಪ್ಪೆ ಕಾಣುತ್ತಿರಲಿಲ್ಲ. ಹೊರಗಿನವರಲ್ಲಿ ಇದು ಗೊತ್ತಿದ್ದದ್ದು ಖಾಜಾಬಿ ಚಾಚಿಗೆ ಮಾತ್ರ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನೀರು ತುಂಬುವಾಗ ನನ್ನನ್ನು ಕಂಡರೆ ಕಣ್ಣು ಮಿಟುಕಿಸುತ್ತಿದ್ದಳು.

"ಯಾಕಬೇ ಗೌರಿ, ನಿಮ್ಮಪ್ಪನ ಯೋಗ ಇವತ್ತ ಭಾಳ ಜೋರಿತ್ತಲ್ಲ! ನಮ್ಮ ಅಡಿಗಿಮನಿ ತನಕಾ ಕೇಳಿಸ್ತು."

ಹೀಗೆ ನಕ್ಕವಳೇ ಆ ಗೋಡೆಯ ಬದಿಗೆ ಖಾರ ಕುಟ್ಟುವ ಕೆಲಸವನ್ನು ಮಧ್ಯಾಹ್ನಕ್ಕೆ ಹಾಕಿಕೊಂಡಿದ್ದಳು, ಬೆಳಗಿನ ಹೊತ್ತು ತನ್ನ ಮಕ್ಕಳು ಅಲ್ಲಿ ಗದ್ದಲ ಮಾಡಿದರೆ ಬೈದು ಓಡಿಸುತ್ತಿದ್ದಳು. ಅವಳಿಗೆ ನಗು ಬಂದದ್ದು ನನಗೆ ಬರಲಿಲ್ಲ. ನನಗೆ ಬಂದದ್ದು ನಾಚಿಕೆ. ಶಾಲೆಯಲ್ಲಿ ಅಪ್ಪನ ಬಗ್ಗೆ ಕೊಚ್ಚಿಕೊಂಡಿದ್ದೆ, ಅವನ ಸುತ್ತ ಬೆಳಕು ಕಾಣಿಸುತ್ತದೆಂದು ಬೇರೆ ಹೇಳಿದ್ದೆ. ಬೆಳಕು ಖರೆ, ಆದರೆ ಅದು ಬೆಳಕಿಂಡಿಯದು. ಅಲ್ಲಿಂದ ಮುಂದೆ ಯಾವಳಾದರೂ ಹೆಣ್ಣುಮಗಳು ಅಪ್ಪನಿಗೆ ಕೈಮುಗಿದರೆ ನನ್ನ ಕಿವಿ ಬಿಸಿಯಾಗುತ್ತಿತ್ತು. ಗೊರಕೆ ಹೊಡೆಯುವವನ ಮಗಳು ನಾನು, ಸುಳ್ಳು ಹೇಳುವವಳ ಮಗಳು ನಾನು ಎಂದು ಒಳಗೊಳಗೇ ಕುದಿಯುತ್ತಿದ್ದೆ. ಅಪ್ಪ ಮಾಡದ ಯೋಗವನ್ನು ನಾನಾದರೂ ಮಾಡಿ ತೋರಿಸಬೇಕೆಂಬ ಹಟ ಹುಟ್ಟಿತು. ಕಣ್ಣಲ್ಲಿ ನೀರು ಇಳಿಯುವ ತನಕ ಲಿಂಗ ನೋಡುತ್ತಿದ್ದೆ, ಉಸಿರು ಹಿಡಿದು ತಲೆ ತಿರುಗಿಸಿಕೊಳ್ಳುತ್ತಿದ್ದೆ, ತಲೆ ತಿರುಗಿದಾಗ ಕಂಡ ಬಣ್ಣಗಳನ್ನು ಆಯಿಗೆ ವರ್ಣಿಸುತ್ತಿದ್ದೆ. ಆಯಿ ಬಾಯಿ ತೆರೆದು ಕೇಳುತ್ತಿದ್ದಳು. ನನ್ನ ಮೊದಲ ಓದುಗಿ ಅವಳೇ ಎನ್ನಬೇಕು.

ಗದಗ ಆಗ ಹೊಸದಾಗಿ ಜಿಲ್ಲೆಯಾಗಿತ್ತು. ಸರಕಾರಿ ಕಚೇರಿಯ ಒಂದು ಸಹಿಗೆ, ಒಂದು ಸಿಕ್ಕೆಗೆ ಧಾರವಾಡದ ಬಸ್ಸು ಹತ್ತುವುದು ತಪ್ಪಿತೆಂದು ದೊಡ್ಡವರು ಹಿಗ್ಗಿದ್ದರು. ಅಂಗಡಿಗಳ ಫಲಕಗಳಲ್ಲಿ ತಾಲೂಕು ಎಂದಿದ್ದ ಕಡೆ ಜಿಲ್ಲೆ ಎಂದು ಬಣ್ಣ ಬಳಿಯುತ್ತಿದ್ದರು. ಇಡೀ ಊರಿಗೇ ಹೊಸ ಅಂಗಿ ತೊಟ್ಟ ಹುರುಪು. ನಮ್ಮ ಓಣಿಯವರಿಗೂ ಏನಾದರೂ ಮಾಡಿ ತೋರಿಸಬೇಕೆನಿಸಿತು. ಓಣಿಯ ಸಣ್ಣ ಮಠದ ವತಿಯಿಂದ ಮೈದಾನದಲ್ಲಿ ಪೆಂಡಾಲು ಹಾಕಿ ಸಾಮೂಹಿಕ ಲಿಂಗಪೂಜೆ ಇಡುವುದೆಂದಾಯಿತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆಯಿಂದೆಲ್ಲ ಮಂದಿ ಬರುವವರಿದ್ದರು. ಹಿರಿಯರು ನಮ್ಮ ಮನೆಗೆ ಬಂದು ಮಗ್ಗದ ಬದಿಯಲ್ಲಿ ಇಕ್ಕಟ್ಟಾಗಿ ಕೂತರು.

"ಈರಪ್ಪ, ವೇದಿಕಿ ಮ್ಯಾಲ ಮಠದ ಅಜ್ಜಾರ ಪಕ್ಕದಾಗ ನೀ ಕುಂದ್ರಬೇಕು. ಶಿವಯೋಗ ಅಂದ್ರ ಏನಂತ ನಾಕೂರ ಮಂದಿ ನೋಡ್ಲಿ."

"ನಾ ಅಂಥಾಂವಲ್ರಿ. ನನ್ನ ಬಿಟ್ಟಬಿಡ್ರಿ," ಎಂದ ಅಪ್ಪ.

ಅವರು ಅದನ್ನೂ ವಿನಯವೆಂದೇ ತಿಳಿದು ಚಹಾ ಕುಡಿದು ಎದ್ದು ಹೋದರು. ಬಾಗಿಲು ಹಾಕಿದ್ದೇ ತಡ, ಮನೆಯಲ್ಲಿ ಜಗಳ ಶುರುವಾಯಿತು. ಅತ್ತೆ ಸೊಸೆ ಅದುವರೆಗೆ ಅಷ್ಟು ದನಿ ಏರಿಸಿ ಆಡಿದ್ದನ್ನು ನಾನು ಕೇಳಿರಲಿಲ್ಲ.

"ಬ್ಯಾಡ ಅತ್ತಿ. ಅವರಿಗೆ ಮಂದ್ಯಾಗ ಕುಂದ್ರೂದು ಆಗಂಗಿಲ್ಲ."

"ಯಾಕಾಗಂಗಿಲ್ಲ? ದಿನಾ ಕುಂದ್ರಾಂವಗ ಅಲ್ಲಿ ಕುಂದ್ರಾಕ ಏನ ಧಾಡಿ? ನನ್ನ ಮಗನ ಹೆಸರು ಮ್ಯಾಲ ಬರೂದು ನಿನಗ ಸೇರೂದಿಲ್ಲ ಅನ್ನು."

"ಹಂಗಲ್ಲ ಅತ್ತಿ..."

"ಮತ್ತ ಹೆಂಗ? ಹೇಳು ನೋಡೂಣು. ಯಾಕ ಬ್ಯಾಡ?"

ಉತ್ತರ ಅವ್ವನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅವಳು ನುಂಗಿಕೊಂಡು ಒಳಗೆ ಹೋಗಿ ಪಾತ್ರೆಗಳನ್ನು ಕುಕ್ಕತೊಡಗಿದಳು. ಹೊಟ್ಟೆಕಿಚ್ಚಿನ ಸೊಸೆ ಎಂಬ ಹೆಸರು ಹೊತ್ತುಕೊಂಡಳೇ ಹೊರತು ಬಾಯಿ ಬಿಡಲಿಲ್ಲ. ಅಪ್ಪ ತಾಯಿಯ ಮುಖ ನೋಡಿದ, ಅಡುಗೆಮನೆಯ ಕಡೆ ನೋಡಿದ, ಆತು ಬಿಡವಾ, ಕುಂದ್ರತೀನಿ ಎಂದು ಮಗ್ಗದ ಕುಣಿಗೆ ಇಳಿದ. ಅಪ್ಪನ ಜೊತೆ ಮೊಮ್ಮಗಳೂ ವೇದಿಕೆಯ ಮೇಲೆ ಕೂರಲಿ ಎಂದು ಆಯಿ ಹಿರಿಯರಿಗೆ ಹೇಳಿಕಳಿಸಿದಳು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಹಿಗ್ಗಿಗೋ ಏನೋ, ಪೂಜೆಯ ಹಿಂದಿನ ರಾತ್ರಿ ಆಯಿಯ ದಮ್ಮು ಜೋರಾಯಿತು, ಬೆಳಗಾಗುವ ತನಕ ಅಪ್ಪ ಬೆನ್ನು ನೆಲಕ್ಕೆ ಹಚ್ಚಲಿಲ್ಲ. ಬೆಳಗ್ಗೆ ನನ್ನ ಜಡೆ ಹೆಣೆಯುವಾಗ ಅವ್ವ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು.

"ಅಪ್ಪಗ ಅಲ್ಲಿ ನಿದ್ದಿ ಹತ್ತೂದ ಖರೆ. ಹತ್ಲಿ. ಇಷ್ಟ ವರ್ಷದಾಗ ಒಮ್ಮೆರ ಅವರ ಕೈ ಅಲಗಿಲ್ಲ. ದೂರದವರಿಗೆ ಏನೂ ತಿಳಿಯೂದಿಲ್ಲ. ನೀ ಮಾತ್ರ ಮುಟ್ಟಬ್ಯಾಡ. ಏನ ಆಗ್ಲಿ, ಎಬ್ಬಸಬ್ಯಾಡ."

ಪೆಂಡಾಲಿನಲ್ಲಿ ನೋಡಿದಲ್ಲೆಲ್ಲ ವಿಭೂತಿ ಹಚ್ಚಿದ ಹಣೆಗಳು. ಎಲ್ಲರೂ ಅಂಗೈಯಲ್ಲಿ ಲಿಂಗ ಹಿಡಿದು ಕೂತಿದ್ದರು. ವೇದಿಕೆಯ ನಡುವೆ ಅಜ್ಜಾರು, ಎಂದರೆ ನಮ್ಮ ಮಠದ ವಯಸ್ಸಾದ ಸ್ವಾಮಿಗಳು. ಅವರ ಎಡಕ್ಕೆ ಅಪ್ಪ, ಅಪ್ಪನ ಪಕ್ಕಕ್ಕೆ ನಾನು. ಮಂತ್ರ ಹೇಳಿಸಲು ಅಜ್ಜಾರ ಮುಂದೆ ಇಟ್ಟಿದ್ದ ಮೈಕು ಅಪ್ಪನಿಗೂ ಹತ್ತಿರವೇ ಇತ್ತು. ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ಆಯಿ ಇಳಕಲ್ ಸೀರೆ ಉಟ್ಟು ದಿಂಬಿಗೆ ಒರಗಿದ್ದಳು, ಅವಳ ಹಿಂದೆ ಅವ್ವ. ಅವರ ಪಕ್ಕದಲ್ಲೇ ನಮ್ಮ ಶಾಲೆಯ ಹುಡುಗಿಯರ ಗುಂಪು. ಮಂತ್ರ ಮುಗಿದು ಎಲ್ಲರೂ ಮೌನವಾಗಿ ಲಿಂಗ ನೋಡುತ್ತ ಕೂರಬೇಕಾದ ಹೊತ್ತು ಬಂತು. ಅಷ್ಟು ಮಂದಿಯ ಮೌನವನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಆ ಮೌನದಲ್ಲಿ ಅಪ್ಪನ ಸಣ್ಣ ಗುರ್ ಸಪ್ಪಳ ಶುರುವಾಯಿತು, ಮೈಕು ಅದನ್ನು ಹಿಡಿಯಿತು. ಜೋರಾಗಿಯೇನಲ್ಲ, ದೂರದಲ್ಲೆಲ್ಲೋ ಮೋಟಾರು ನಡೆದಂತೆ ಕೇಳುತ್ತಿತ್ತು. ಬಹಳ ಮಂದಿಗೆ ಏನೆಂದು ತಿಳಿಯಲೇ ಇಲ್ಲ. ಆದರೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಪಕ್ಕದವಳನ್ನು ಮೊಣಕೈಯಿಂದ ತಿವಿದು ಬಾಯಿಗೆ ಕೈ ಹಿಡಿದಳು. ಬೆಳಕು ಕಾಣಿಸುತ್ತದೆಂದು ನಾನು ಹೇಳಿದ್ದು ಆ ಹುಡುಗಿಗೇ. ಅವಳು ನನ್ನನ್ನು ನೋಡಿದಳು. ಅವ್ವ ಹೇಳಿದ ಮಾತು ನನಗೆ ನೆನಪಿತ್ತು. ಮರೆತೆ ಎಂದು ಹೇಳುವಂತಿಲ್ಲ. ನೆನಪಿದ್ದೇ ನಾನು ಅಪ್ಪನ ತೊಡೆಯನ್ನು ಉಗುರು ಊರಿ ಚಿವುಟಿದೆ.

ಅಪ್ಪ ಬೆಚ್ಚಿಬಿದ್ದ. ನಿದ್ದೆಯಲ್ಲಿ ಎಂದೂ ಅಲುಗದ ಕೈ ಎಚ್ಚರದಲ್ಲಿ ಅಲುಗಿತು. ಲಿಂಗ ಅಂಗೈಯಿಂದ ಜಾರಿ, ವೇದಿಕೆಯ ಹಲಗೆಯ ಮೇಲೆ ಟಕ್ ಎಂದು ಬಿದ್ದು, ಉರುಳಿ, ಅಂಚಿನಿಂದ ಕೆಳಗಿನ ಜಮಖಾನೆಗೆ ಹೋಯಿತು. ನಮ್ಮವರಲ್ಲಿ ಇದಕ್ಕಿಂತ ದೊಡ್ಡ ಅವಘಡವಿಲ್ಲ. ಲಿಂಗ ಅಂದರೆ ಪ್ರಾಣ. ಅದು ನೆಲಕ್ಕೆ ಬಿದ್ದರೆ ಬದುಕಿರಬಾರದು ಎನ್ನುತ್ತಿದ್ದ ಹಳೆಯ ಮಂದಿ ಆ ಪೆಂಡಾಲಿನಲ್ಲೇ ಎಷ್ಟೋ ಜನ ಇದ್ದರು. ಅಯ್ಯಯ್ಯೋ ಎಂಬ ಉದ್ಗಾರ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಯಿತು. ಅಪ್ಪ ವೇದಿಕೆಯಿಂದ ಇಳಿದು, ಮಂಡಿಯೂರಿ, ಎರಡೂ ಕೈಯಿಂದ ಲಿಂಗ ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡ. ಅಜ್ಜಾರು ಒಳ್ಳೆಯವರು. ಮುಂದಕ್ಕೆ ಬಗ್ಗಿ, ಅವನೊಬ್ಬನಿಗೇ ಎಂಬಂತೆ ಮೆಲ್ಲಗೆ ಮಾತಾಡಿದರು. ಮುಂದಿರುವ ಮೈ‌ಕಿನ ನೆನಪು ಅವರಿಗಿರಲಿಲ್ಲ.

"ಏನೂ ಆಗಿಲ್ಲಪಾ, ಮತ್ತ ಕೊರಳಿಗೆ ಕಟ್ಟಿಕೋ. ನಿದ್ದಿ ಹತ್ತಿತ್ತೇನು?"

"ಹೌದ್ರಿ ಅಜ್ಜಾರ."

"ಇರ್ಲಿ. ಒಂದೊಂದಿನ ಹತ್ತತೈತಿ."

"ಒಂದಿನ ಅಲ್ರಿ," ಎಂದ ಅಪ್ಪ. "ದಿನಾ ಹತ್ತತೈತಿ."

ಮೈಕು ಆ ಮಾತನ್ನೂ ಇಡೀ ಪೆಂಡಾಲಿಗೆ ಮುಟ್ಟಿಸಿತು. ಆಮೇಲೆ ಎಲ್ಲಿಂದಲೋ ಒಬ್ಬ ನಕ್ಕ, ಅವನ ಹಿಂದೆ ಇಡೀ ಪೆಂಡಾಲು ನಕ್ಕಿತು. ಅಂಜಿದ ಮಂದಿ ನಕ್ಕರೆ ಬೇಗ ನಿಲ್ಲುವುದಿಲ್ಲ. ನಾನು ನಗುತ್ತಿದ್ದವರನ್ನು ನೋಡಲಾರದೆ ಅಪ್ಪನ ಕಡೆ ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ, ಒಂದು ಕೈಯಿಂದ ತೊಡೆ ಸವರಿಕೊಳ್ಳುತ್ತಿದ್ದ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ನಿನಗ ನನ್ನಿಂದ ನಾಚಿಗಿ ಆತೇನು ಎಂದು ಕೇಳುವ ಮುಖ ಅದು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು, ಮತ್ತು ಆ ಹೊತ್ತಿನಲ್ಲೂ ನನ್ನ ನಾಚಿಕೆ ಅವನ ಬಗ್ಗೆಯೇ ಇತ್ತು. ನನ್ನ ಬಗ್ಗೆ ನಾಚಿಕೆಪಡಲು ನನಗೆ ಇನ್ನೂ ಎಷ್ಟೋ ವರ್ಷ ಬೇಕಾದವು. ಹೆಂಗಸರ ಕಡೆ ಆಯಿ ನಗುತ್ತಿರಲಿಲ್ಲ. ಎದುರಿಗೆ ದಿಟ್ಟಿಸುತ್ತ, ಬೆರಳುಗಳನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದಳು. ಏನನ್ನೋ ಲೆಕ್ಕ ಹಾಕುತ್ತಿದ್ದಳೆಂದು ಈಗ ಅನಿಸುತ್ತದೆ.

ಅಂದು ಸಂಜೆ ಊಟಕ್ಕೆ ಜುಣಕ ಇತ್ತು, ಆಯಿಗೆ ಬಲು ಸೇರುತ್ತಿದ್ದದ್ದು. ಅವಳು ತಾಟು ಮುಟ್ಟಲಿಲ್ಲ.

"ಈರ್ಯಾ, ರಾತ್ರಿ ನಾ ನಿನ್ನ ಭಾಳ ಎಬ್ಬಸ್ತೀನೇನೋ?"

"ಇಲ್ಲವಾ. ನನಗ ಹಂಗೂ ಎಚ್ಚರ ಇರತೈತಿ."

"ಮತ್ತ ದಿನಾ ನಿದ್ದಿ ಹತ್ತತೈತಿ ಅಂದಿ?"

ಅಪ್ಪ ತಾಟನ್ನು ಅವಳ ಹತ್ತಿರಕ್ಕೆ ಸರಿಸಿದ. ಆಯಿ ಅವ್ವನ ಕಡೆ ತಿರುಗಿದಳು.

"ನಿನಗ ಗೊತ್ತಿತ್ತೇನ ಶಾಂತಾ?"

ಅವ್ವ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು. ಅಷ್ಟು ದಿನ ಹೊಟ್ಟೆಕಿಚ್ಚಿನ ಸೊಸೆ ಎನಿಸಿಕೊಂಡವಳನ್ನು ಆಯಿ ಬಹಳ ಹೊತ್ತು ನೋಡಿದಳು, ಕೈ ಚಾಚಿ ಅವಳ ಮೊಣಕಾಲು ಮುಟ್ಟಿದಳು. ಮುಂದಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಕೆಮ್ಮು ಕೇಳುವುದು ಕಡಿಮೆಯಾಯಿತು. ದಮ್ಮು ಇಳಿದಿರಲಿಲ್ಲ. ಆಯಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕೆಮ್ಮನ್ನು ಒಳಗೇ ಅದುಮುತ್ತಿದ್ದಳು, ಅದುಮಿದ್ದಕ್ಕೆ ಅವಳ ಕಣ್ಣುಗಳು ಕೆಂಪಾಗುತ್ತಿದ್ದವು. ಅದನ್ನು ನೋಡಿ ಅಪ್ಪ ಕೈಮುಗಿದು ಬೇಡಿಕೊಂಡ, ಕೆಮ್ಮವಾ, ನಿನ್ನ ಕಾಲಿಗೆ ಬೀಳತೀನಿ ಎಂದ. ಸ್ವಲ್ಪ ದಿನಕ್ಕೆ ಶಿಗ್ಲಿಯಲ್ಲಿದ್ದ ಮಗಳ ಮನೆಗೆ ಹೋಗಿಬರುತ್ತೇನೆಂದು ಆಯಿ ಗಂಟು ಕಟ್ಟಿದಳು. ಅಲ್ಲಿ ತೋಟದ ಗಾಳಿ ಚಲೋ ಐತಿ ಎಂಬುದು ಅವಳ ನೆಪ. ಬಸ್ಸು ಹತ್ತುವಾಗ ನನ್ನ ಗಲ್ಲ ಹಿಡಿದು, ನೀ ಕುಂದ್ರೂದು ಬಿಡಬ್ಯಾಡವಾ, ನಿನಗರ ಯೋಗ ಹತ್ತಲಿ ಎಂದಳು. ಮತ್ತೆ ಬರಲಿಲ್ಲ. ತಾಯಿಯನ್ನು ಹೊರಗೆ ಹಾಕಿದರು, ಸೊಸೆ ಹಾಕಿಸಿದಳು ಎಂದು ಓಣಿ ಮಾತಾಡಿತು. ಖಾಜಾಬಿ ಚಾಚಿ ಒಬ್ಬಳೇ ಆ ಮಾತು ಆಡಿದವರ ಮೇಲೆ ಜಗಳಕ್ಕೆ ಹೋಗಿ ಬಂದಳು. ಆಯಿ ಶಿಗ್ಲಿಯಲ್ಲೇ ತೀರಿಕೊಂಡಾಗ, ಸಮಾಧಿಯಲ್ಲಿ ಕೂರಿಸುವ ಮೊದಲು ಅವಳ ಲಿಂಗವನ್ನು ಅವಳ ಎಡ ಅಂಗೈಯಲ್ಲಿ ಇಟ್ಟವನು ಅಪ್ಪ. ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಬಿಡಲು ಮನಸ್ಸಿಲ್ಲದೆ, ಆ ಮುಷ್ಟಿಯನ್ನು ಹಿಡಿದೇ ಕೂತಿದ್ದ.

ಪೂಜೆಯ ಆ ದಿನದ ಮಾರನೆಯ ಬೆಳಗಿನಿಂದ ಅಪ್ಪ ಶಿವಯೋಗಕ್ಕೆ ಕೂರುವುದನ್ನು ಬಿಟ್ಟಿದ್ದ. ಲಿಂಗ ತೊಳೆದು, ವಿಭೂತಿ ಹಚ್ಚಿ, ಕಣ್ಣಿಗೆ ಒತ್ತಿಕೊಂಡು ಎದ್ದುಬಿಡುತ್ತಿದ್ದ. ನಮಗೆ ಬಿಸಿ ರೊಟ್ಟಿ ಸಿಗತೊಡಗಿತು. ಅದಕ್ಕಾಗಿ ಅಷ್ಟು ಕಾದಿದ್ದ ನಾನು ಅರ್ಧ ತಿಂದು ಎದ್ದುಬಿಡುತ್ತಿದ್ದೆ. ಆಯಿ ಹೋದ ಮೇಲೆ ರಾತ್ರಿ ಮನೆ ಸುಮ್ಮನಾಯಿತು. ಅಪ್ಪನಿಗೆ ಈಗಲಾದರೂ ನಿದ್ದೆ ಬಂದೀತೆಂದರೆ ಬರಲಿಲ್ಲ. ಕೆಮ್ಮು ಕೇಳದೆ ಅವನು ಬೆಚ್ಚಿ ಎದ್ದು ಕೂರುತ್ತಿದ್ದ, ಗೋಡೆಯ ಬದಿಗಿದ್ದ ಖಾಲಿ ದಿಂಬು ನೋಡುತ್ತಿದ್ದ. ಹಗಲು ಮಲಗು ಎಂದು ಅವ್ವ ಹೇಳಿದರೆ, ಹಗಲೊತ್ತು ಮಲಗಿದರ ಮಂದಿ ಏನಂದಾರು ಎನ್ನುತ್ತಿದ್ದ. ನನ್ನನ್ನು ಅವನು ಒಂದು ಮಾತು ಅನ್ನಲಿಲ್ಲ. ಅವ್ವನೂ ಅನ್ನಲಿಲ್ಲ. ಚಿವುಟಿದ್ದನ್ನು ಅವಳು ಕೆಳಗಿನಿಂದ ಕಣ್ಣಾರೆ ಕಂಡಿದ್ದಳು.

ಆಯಿಯ ಮಾತು ನಾನು ನಡೆಸಿಕೊಟ್ಟೆ, ಕೂರುವುದನ್ನು ಬಿಡಲಿಲ್ಲ. ಕೂತು ಕೂತು ಪ್ರಾಣಾಯಾಮ ಕಲಿತೆ, ಬಾಳೆಹೊಸೂರಿನಿಂದ ಹಿಡಿದು ಎಲ್ಲೆಲ್ಲಿಯೋ ಇದ್ದ ಸಾಧಕರನ್ನು ಹುಡುಕಿಕೊಂಡು ಹೋದೆ, ಅವರಿಂದ ಕೇಳಿದ್ದನ್ನೂ ಕೇಳದ್ದನ್ನೂ ಸೇರಿಸಿ ಕಾದಂಬರಿ ಬರೆದೆ. ನನ್ನ ಯೋಗಿಗಳು ಹೆಸರಾದರು. ಅವರು ಹಸಿಯುವುದಿಲ್ಲ, ಕೆಮ್ಮುವುದಿಲ್ಲ, ಅವರಿಗೆ ಕೂಗಿ ಕರೆಯುವ ತಾಯಂದಿರಿಲ್ಲ. ಕಲ್ಲಿನ ಮೇಲೆ ಕೂತರೆ ಕಲ್ಲಾಗುತ್ತಾರೆ. ಸಮಾಧಿಯ ವರ್ಣನೆ ನಿಮ್ಮಷ್ಟು ಚೆನ್ನಾಗಿ ಯಾರೂ ಮಾಡಿಲ್ಲ ಎಂದು ಓದುಗರು ಕಣ್ಣೊದ್ದೆ ಮಾಡಿಕೊಂಡು ಹೇಳುತ್ತಾರೆ. ನಿಮ್ಮ ಗುರುಗಳು ಯಾರು ಎಂದು ಕೇಳುತ್ತಾರೆ. ಗದಗಿನಲ್ಲಿ ನಡೆದ ಒಂದು ಸಮಾರಂಭದಲ್ಲಿ ನಾನು ಮೈಕಿನ ಮುಂದೆ ನಿಂತು, ನನ್ನ ತಂದೆ ಶಿವಯೋಗಿಗಳು, ಅವರ ಪಕ್ಕದಲ್ಲಿ ಕೂತೇ ನಾನು ಎಲ್ಲ ಕಲಿತದ್ದು ಎಂದೆ. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆದರು. ನನ್ನ ಜೊತೆಗೇ ಇರುವ ಅವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ಮನೆಗೆ ಬರುವಾಗ ಆಟೋದಲ್ಲಿ ಅವಳು ರಸ್ತೆಯ ಕಡೆ ನೋಡುತ್ತ ಕೂತಿದ್ದಳು, ನಾನೂ ಅವಳ ಮುಖ ನೋಡಲಿಲ್ಲ. ಮೈಕಿನ ಮುಂದೆ ಅಪ್ಪ ಹೇಳಿದ್ದು ಖರೆ ಮಾತು, ಮಂದಿ ನಕ್ಕಿದ್ದರು. ನಾನು ಹೇಳಿದ್ದು ಅವ್ವನ ಹಳೆಯ ಸುಳ್ಳು. ಅವಳು ಅದನ್ನು ಹೇಳುತ್ತಿದ್ದದ್ದು ಅವನು ಮಲಗಲಿ ಎಂದು, ನಾನು ಹೇಳಿದ್ದು ನನಗಾಗಿ. ಆ ನಾಚಿಕೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಬರೆದದ್ದನ್ನು ನಾನು ಅವ್ವನಿಗೆ ಓದಿ ಹೇಳುವುದುಂಟು. ಅವಳು ಮೆಂತ್ಯದ ಪಲ್ಲೆ ಬಿಡಿಸುತ್ತಲೋ ಅಕ್ಕಿ ಹಸನು ಮಾಡುತ್ತಲೋ ಕೇಳುತ್ತಾಳೆ, ಹೆಚ್ಚಾಗಿ ಏನೂ ಅನ್ನುವುದಿಲ್ಲ. ಮೊನ್ನೆ ಹೊಸ ಕಾದಂಬರಿಯ ಒಂದು ಅಧ್ಯಾಯ ಓದುತ್ತಿದ್ದೆ. ಗುಹೆಯ ಬಾಯಲ್ಲಿ ಯೋಗಿ ಕೂತಿದ್ದಾನೆ, ಅಂಗೈಯಲ್ಲಿ ಲಿಂಗವಿದೆ, ರೆಪ್ಪೆಗಳು ಮೆಲ್ಲಗೆ ಇಳಿಯುತ್ತವೆ, ಗದ್ದ ಸಡಿಲಾಗುತ್ತದೆ, ಕೈ ಮಾತ್ರ ಅಲುಗುವುದಿಲ್ಲ. ಶಿಷ್ಯೆಯೊಬ್ಬಳು ಅವನನ್ನು ನೋಡುತ್ತ ಮುಂದಕ್ಕೆ ಬರುತ್ತಾಳೆ, ಪಾದ ಮುಟ್ಟಲೆಂದು ಕೈ ಚಾಚುತ್ತಾಳೆ. ಅಷ್ಟಕ್ಕೆ ಪಲ್ಲೆ ಬಿಡಿಸುತ್ತಿದ್ದ ಅವ್ವನ ಕೈ ನಿಂತಿತು.

"ಅವಂಗ ನಿದ್ದಿ ಹತ್ತೈತಿ," ಎಂದಳು.

"ಇಲ್ಲವ್ವಾ. ಅದು ಸಮಾಧಿ."

ಅವ್ವ ನನ್ನ ಮುಖ ನೋಡಲಿಲ್ಲ. ಒಂದು ಎಲೆ ಬಿಡಿಸಿದಳು, ಇನ್ನೊಂದು ಬಿಡಿಸಿದಳು.

"ಇರ್ಲಿ ತಗೋ. ನೀ ಇವನನ್ನರ ಎಬ್ಬಸಬ್ಯಾಡ."